ನಾನು ಕಂಪ್ಯೂಟರಿನ ಭಾರ ಇಳಿಸಿದ್ದು

ಕಂಪ್ಯೂಟರಿಗೆ ಹೆದರುವವರು ಬೇರೆ. ನಾನು ಗಜೇಂದ್ರಗಡದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮಾಸ್ತರ! ಅಂದು ಬೆಳಿಗ್ಗೆ ಪರದೆಯ ಮೇಲೆ ‘ಮೆಮೊರಿ ಸಾಲದು’ ಎಂಬ ಸೂಚನೆ ಬಂದಾಗ ನಾನು ನಕ್ಕೆ.

ಹೆಂಡತಿ ಶಾಂತಾ ನಗಲಿಲ್ಲ. ಆರು ತಿಂಗಳಿಂದ ಅವಳು ಸೀರೆಯ ಅಂಚುಗಳ ಚಿತ್ರ ಬಿಡಿಸಿ ಆ ಕಂಪ್ಯೂಟರಿನಲ್ಲೇ ಇಟ್ಟಿದ್ದಳು. ಮಧ್ಯಾಹ್ನ ನರಗುಂದದ ವ್ಯಾಪಾರಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮನೆಯ ಮಗ್ಗಕ್ಕೆ ವರ್ಷವಿಡೀ ಕೆಲಸ.

“ಖಾಜಾಸಾಬರನ್ನ ಕರೀರಿ. ನೀವು ಕೈ ಹಚ್ಚಬ್ಯಾಡ್ರಿ,” ಎಂದಳು. ಖಾಜಾಸಾಬರು ನಮ್ಮ ಓಣಿಯಲ್ಲಿ ರೇಡಿಯೋದಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲ ರಿಪೇರಿ ಮಾಡುವವರು.

“ಇಷ್ಟಕ್ಕ ಅವರ್ಯಾಕ? ತುಂಬೇತಿ, ಖಾಲಿ ಮಾಡಿದ್ರಾತು!”

ಅವಳು ಉಪ್ಪಿಟ್ಟು ಮಾಡಲು ಒಳಗೆ ಹೋದಳು. ನಾನು ಕಾರ್ಯಾಚರಣೆ ಕೈಗೊಂಡೆ.

ಮೊದಲು ಆಟಗಳನ್ನು ಅಳಿಸಿದೆ. ಸೂಚನೆ ಹೋಗಲಿಲ್ಲ. ಗುರುತಿಲ್ಲದ ಹೆಸರಿನ ಫೈಲುಗಳನ್ನೆಲ್ಲ ಅಳಿಸಿದೆ. ಕಂಪ್ಯೂಟರಿನ ದನಿಯೇ ನಿಂತುಹೋಯಿತು, ಸೂಚನೆ ನಿಲ್ಲಲಿಲ್ಲ. ಆಗ ಮೂವತ್ತು ಚಿತ್ರಗಳು ಕಂಡವು. ಎಲ್ಲದರಲ್ಲೂ ಅದೇ ಗೋಪುರದ ಸಾಲು, ಅದೇ ಗೆರೆ. ಒಂದಕ್ಕೆ ಮೂವತ್ತು ಪ್ರತಿ ಯಾತಕ್ಕೆ? ಒಂದನ್ನುಳಿಸಿ ಮಿಕ್ಕಿದ್ದನ್ನು ಅಳಿಸಿದೆ. ಅದೊಂದೇ ಬಿಕೋ ಎನ್ನುತ್ತಿತ್ತು, ಅದನ್ನೂ ಅಳಿಸಿದೆ. ಅಳಿಸಿದ್ದೆಲ್ಲ ಸೇರಿ ಪರದೆಯ ಮೇಲಿನ ಕಸದ ಬುಟ್ಟಿ ತುಂಬಿತ್ತು. ಮನೆಯಲ್ಲಿ ಕಸ ಇಟ್ಟುಕೊಳ್ಳುವ ಪದ್ಧತಿ ನಮ್ಮದಲ್ಲ. ಅದನ್ನೂ ಖಾಲಿ ಮಾಡಿದೆ!

ಅವೇ ಶಾಂತಾಳ ಅಂಚುಗಳೆಂದು ನನಗೆ ಹೊಳೆದದ್ದು ಅವಳು ಉಪ್ಪಿಟ್ಟಿನ ತಾಟು ಹಿಡಿದು ಬಂದಾಗ.

“ನನ್ನ ಅಂಚು ಎಲ್ಲಿ ಹೋದುವ್ರಿ?”

ಅವಳ ಕಣ್ಣಲ್ಲಿ ನೀರು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಓಡಿಹೋಗಿ ಖಾಜಾಸಾಬರನ್ನು ಕರೆತಂದೆ. ಅವರು ಮಧ್ಯಾಹ್ನದವರೆಗೆ ತಡಕಾಡಿದರೂ ಅಳಿಸಿದ್ದು ಒಂದೂ ಸಿಗಲಿಲ್ಲ.

“ಸರ್, ಮೆಮೊರಿ ಅಂದ್ರ ಮಗ್ಗ ಇದ್ದಂಗ, ಡಿಸ್ಕ್ ಅಂದ್ರ ಕಪಾಟ. ಮಗ್ಗದ ಮ್ಯಾಲೆ ಜಾಗಾ ಇಲ್ಲಂತ ಕಪಾಟಿನ್ಯಾಗಿನ ಸೀರಿ ಹೊರಗ ಒಗದ್ರ ಹ್ಯಾಂಗ್ರಿ?”

“ಹಂಗಾದ್ರ ಮಗ್ಗದ ಮ್ಯಾಲೆ ಏನೈತ್ರಿ?”

“ನೀವೇ ಅದೀರಿ, ಸರ್!”

ಹೌದು. ನನ್ನ ಸನ್ಮಾನದ ಫೋಟೋಗಳು! ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಒಂದರ ಹಿಂದೊಂದು ಪರದೆಯ ಮೇಲೆ ತಾವೇ ಬರುವಂತೆ ಹಚ್ಚಿಟ್ಟಿದ್ದೆ. ಅವನ್ನು ಮಾತ್ರ ಮುಟ್ಟಿರಲಿಲ್ಲ.

ಅಷ್ಟರಲ್ಲಿ ವ್ಯಾಪಾರಿ ಬಂದರು. ಪರದೆಯ ತುಂಬ ನಾನು, ಹೆಗಲ ಮೇಲೆ ಶಲ್ಯ. ಅವರು ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

“ಈ ಶಲ್ಯದ ಅಂಚು ಭಾಳ ಚಲೋ ಐತಿ! ಯಾರು ನೇಯ್ದದ್ದು?”

“ನಾನ್ರಿ,” ಎಂದಳು ಶಾಂತಾ, ಕಣ್ಣೊರೆಸಿಕೊಂಡು. ಸುಳ್ಳಲ್ಲ. ಸನ್ಮಾನದವರು ತಂದದ್ದು ಹಾರ ಮಾತ್ರ. ಶಲ್ಯವನ್ನು ನಾವೇ ಮನೆಯಿಂದ ಒಯ್ದಿದ್ದೆವು!

“ಇದನ್ನೇ ಸೀರಿಗೆ ಹಾಕ್ರಿ. ವರ್ಷ ಪೂರ್ತಿ ಕೆಲಸ ನಿಮಗೇ ಕೊಡ್ತೀನಿ.” ಆಮೇಲೆ ಅವರು ಪರದೆಯ ಮೇಲೆ ಬೆರಳಿಟ್ಟರು. “ಅಂಗಡ್ಯಾಗ ತೋರ್ಸಾಕ ಈ ಫೋಟೋ ಬೇಕು. ನಡುವ ನಿಂತಾರಲ್ಲ, ಶಲ್ಯ ಬಿಟ್ಟು ಇವರನ್ನಷ್ಟ ತಗೀರಿ. ಅಂಚು ಇನ್ನೂ ಚಂದ ಕಾಣಸ್ತೈತಿ.”

ಖಾಜಾಸಾಬರು ಆ ಫೋಟೋದಿಂದಲೂ, ‘ಮಗ್ಗದ’ ಮೇಲಿಂದಲೂ ನನ್ನನ್ನು ತೆಗೆದರು. ಕಂಪ್ಯೂಟರ್ ಗಾಳಿಯಂತೆ ಓಡತೊಡಗಿತು!