ಪಟ್ಟಿಯ ತಳದಲ್ಲಿ ನನ್ನ ರಜೆ

ಹೇಳಿದ ಮಾತನ್ನು ಕಂಪ್ಯೂಟರ್ ಕೇಳುತ್ತದೆ, ಮನುಷ್ಯರು ಕೇಳುವುದಿಲ್ಲ. ಇವೆರಡರ ನಡುವೆ ಕೂತು ಸಂಬಳ ತೆಗೆದುಕೊಳ್ಳುವ ನನ್ನಂಥವರಿಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ನಗುವವರು ನಗಬಹುದು. ನನಗಂತೂ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಎಲ್ಲರ ಕೆಲಸವೂ ಒಂದೇ ಟೆಕ್ಸ್ಟ್ ಫೈಲಿನಲ್ಲಿರುತ್ತದೆ. ಕೆಲಸಕ್ಕೊಂದು ಸಾಲು. ಬಣ್ಣವಿಲ್ಲ, ಬಟನ್ ಇಲ್ಲ. ಪ್ಲಾನರ್ ಎಂಬ ಪ್ರೋಗ್ರಾಂ ಆ ಸಾಲುಗಳನ್ನು ಓದಿ ಪಟ್ಟಿ ತೋರಿಸುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಅದಕ್ಕೆ ಹೇಳಿಕೊಡುವ ಸಾರ್ಟ್ ಫಂಕ್ಷನ್ ಬರೆಯುವುದು ನನ್ನ ಪಾಲಿಗೆ ಬಂದಿದೆ. ಎರಡು ಸಾಲು ಕೊಟ್ಟರೆ ಯಾವುದು ಮೊದಲು ಎಂದು ಹೇಳಬೇಕು, ಅಷ್ಟೇ. ಅತ್ತೆ ಸೊಸೆಯರ ಜಗಳಕ್ಕೆ ಪಂಚಾಯ್ತಿ ಮಾಡುವುದು ಇದಕ್ಕಿಂತ ಸುಲಭ.

ನಮ್ಮ ಮ್ಯಾನೇಜರ್ ಪಟ್ಟಿಯ ಮೊದಲ ಪುಟ ಮಾತ್ರ ನೋಡುತ್ತಾರೆ. ಕೆಳಗೆ ಸರಿಸಿ ನೋಡುವುದು ಅವರ ಜಾಯಮಾನದಲ್ಲೇ ಇಲ್ಲ. ರಜೆ ಬೇಕಾದರೂ ಅದೇ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ನಾನು ಬರೆದೆ: "ರಜೆ, ಮುಂದಿನ ತಿಂಗಳ ಮೊದಲ ಬುಧವಾರ, ಗದಗ, ತಂಗಿಯ ಕುಬಸ, ಹಸಿರು ಸೀರೆ ಒಯ್ಯುವುದು." ತಂಗಿಗೆ ಮೊದಲ ಬಸಿರು; ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಅವ್ವ ತೀರಿಕೊಂಡು ವರ್ಷಗಳಾದವು, ತವರಿನ ಸೀರೆ ಒಯ್ಯುವವಳು ನಾನೊಬ್ಬಳೇ. ಈ ರಜೆ ಸಿಗದಿದ್ದರೆ ಆ ಹುಡುಗಿಯ ಪಕ್ಕದಲ್ಲಿ ತವರಿನವರು ಅಂತ ಒಂದು ನರಪಿಳ್ಳೆಯೂ ಇರುವುದಿಲ್ಲ.

೧. ಎಲ್ಲವೂ ಮುಖ್ಯ

"ಮುಖ್ಯವಾದ್ದು ಮೇಲ್ ಬರೋ ಹಾಗೆ ಮಾಡಿ ಮೇಡಂ," ಎಂದರು ಮ್ಯಾನೇಜರ್. ಮಾಡಿದೆ. ಸಾಲಿನ ಮುಂದೆ ಎ ಹಾಕಿದರೆ ಮೇಲೆ, ಬಿ ಹಾಕಿದರೆ ನಡುವೆ, ಸಿ ಹಾಕಿದರೆ ಕೆಳಗೆ.

ಮರುದಿನ ನೋಡಿದರೆ ಇಡೀ ಫೈಲಿನಲ್ಲಿ ಒಂದು ಬಿ ಇಲ್ಲ, ಒಂದು ಸಿ ಇಲ್ಲ. ಅಕೌಂಟ್ಸ್ ಮೇಡಂ, "ನನ್ ಜಿಎಸ್‌ಟಿ ಏನ್ ಸಿ ಆಗುತ್ತೇನ್ರೀ?" ಎಂದು ನನ್ನನ್ನೇ ದಬಾಯಿಸಿದರು. ಸರಿ, ಅದಾದರೂ ಸರ್ಕಾರದ ಕೆಲಸ. ಆದರೆ ನಮ್ಮ ಸೇಲ್ಸ್‌ನವನು "ನೀರಿನ ಕ್ಯಾನ್ ತರಿಸುವುದು" ಎಂಬ ಸಾಲಿಗೂ ಎ ಹಾಕಿದ್ದ!

"ಇದಕ್ಯಾಕೆ ಎ?" ಎಂದು ರೇಗಿದೆ.

"ನೀರಿಲ್ದೆ ಕೋಡ್ ಬರೀತೀರಾ ಮೇಡಂ?" ಎಂದ.

ಇಷ್ಟೆಲ್ಲ ನೋಡಿಯೂ ನನ್ನ ರಜೆಗೆ ನಾನು ಮರ್ಯಾದೆಯಾಗಿ ಬಿ ಹಾಕಿದೆ. ಅದು ಎಲ್ಲೋ ತಳಕ್ಕೆ ಹೋಯಿತು, ನೀರಿನ ಕ್ಯಾನ್ ಮಾತ್ರ ಅರ್ಧ ಗಂಟೆಯಲ್ಲಿ ಬಂತು.

೨. ಹಳೆಯದಕ್ಕೆ ಗೌರವ

ಎ, ಬಿ ಬೇಡ, ತಾರೀಕಿನ ಪ್ರಕಾರ ಬರಲಿ ಎಂದಾಯಿತು. ಗಡುವು ಮೀರಿದ ಕೆಲಸ ಎಲ್ಲಕ್ಕಿಂತ ಮೇಲೆ, ಮುಂದಿನ ತಾರೀಕಿನದು ಕೆಳಗೆ. ಇದರಲ್ಲಿ ಮೋಸಕ್ಕೆ ಜಾಗವೇ ಇಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಗಡುವು ಮೀರಿದ್ದು ಮೇಲೆ ಬರುತ್ತದೆ ಎಂದು ಗೊತ್ತಾಗಿದ್ದೇ ತಡ, ಹೊಸ ಕೆಲಸಕ್ಕೆಲ್ಲ ನಿನ್ನೆಯ ತಾರೀಕು ಬಿತ್ತು. ಒಬ್ಬರು ನಿನ್ನೆ ಎಂದರೆ ಇನ್ನೊಬ್ಬರು ಹೋದ ತಿಂಗಳು. ಅಕೌಂಟ್ಸ್ ಮೇಡಂ ಹೋದ ವರ್ಷಕ್ಕೆ ಹೋದರು. ಸೇಲ್ಸ್‌ನವನು ಎಲ್ಲರನ್ನೂ ಹಿಂದೆ ಹಾಕಿ ತಾನು ಹುಟ್ಟುವುದಕ್ಕಿಂತ ಮುಂಚಿನ ತಾರೀಕು ಹಾಕಿದ. ಅದೂ ಯಾವುದಕ್ಕೆ? ತನ್ನ ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡಿಸುವುದಕ್ಕೆ.

ನಾನು ಮ್ಯಾನೇಜರ್ ಹತ್ತಿರ ದೂರು ಒಯ್ದೆ. ಅವರು ಕನ್ನಡಕ ಏರಿಸಿ ಆ ಸಾಲನ್ನು ನೋಡಿದರು. "ಪಾಪ, ಎಷ್ಟ್ ವರ್ಷದಿಂದ ಕಾಯ್ತಿದಾನ್ರೀ! ಮೊದ್ಲು ಇದನ್ ಮಾಡ್ಸಿ," ಎಂದರು.

೩. ರಾಹುಕಾಲ

ಒಂದು ದಿನ ಗಿರಾಕಿಯ ಮುಂದೆ ನಮ್ಮ ಸಾಫ್ಟ್‌ವೇರ್ ಕೈಕೊಟ್ಟಿತು. ತಪ್ಪು ಯಾರದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅಕೌಂಟ್ಸ್ ಮೇಡಂ, "ರಾಹುಕಾಲ್ದಲ್ಲಿ ಶುರು ಮಾಡಿದ್ರೆ ಇನ್ನೇನಾಗುತ್ತೆ ಸರ್?" ಎಂದರು. ಮ್ಯಾನೇಜರ್ ಮುಖ ಅರಳಿತು. ರಾಹುಕಾಲದಲ್ಲಿ ಹೊಸ ಕೆಲಸ ಯಾವುದೂ ಮೇಲೆ ಬರಬಾರದು, ಅದಕ್ಕೊಂದು ಫಂಕ್ಷನ್ ಬರೆಯಿರಿ ಎಂದು ನನಗೆ ಹುಕುಂ ಆಯಿತು.

ಇಂಜಿನಿಯರಿಂಗ್ ಓದಿ, ರಾತ್ರಿ ಹಗಲು ನಿದ್ದೆಗೆಟ್ಟು ಕಲಿತ ವಿದ್ಯೆ! ವಿದ್ಯಾರಣ್ಯಪುರದ ಬಸ್ಸಿನಲ್ಲಿ ಕೂತು ಪಂಚಾಂಗ ಬಿಡಿಸಿಕೊಂಡು ಸೋಮವಾರ ಏಳೂವರೆ, ಮಂಗಳವಾರ ಮೂರು ಎಂದು ಟೈಪ್ ಮಾಡಿದೆ. ಪಕ್ಕದ ಸೀಟಿನ ಅಜ್ಜಿ ಇಣುಕಿ ನೋಡಿ, "ಜಾತಕಾನೂ ನೋಡ್ತೀರಾಮ್ಮ?" ಎಂದು ಕೇಳಿದರು. ನಾನು ಹಲ್ಲು ಕಚ್ಚಿಕೊಂಡು ಇಳಿದೆ.

ಫಂಕ್ಷನ್ ಮಾತ್ರ ಬಹಳ ಚೆನ್ನಾಗಿ ಬಂತು, ಒಂದು ತಪ್ಪಿಲ್ಲ. ಮ್ಯಾನೇಜರ್ ರಜೆ ಮಂಜೂರು ಮಾಡಲು ಕೂರುವುದು ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ನಾನೇ ಬರೆದ ಫಂಕ್ಷನ್ ನನ್ನ ರಜೆಯನ್ನು ಹೊಸ ಕೆಲಸವೆಂದು ಗುರುತಿಸಿ, ಸರಿಯಾದ ಹೊತ್ತಿಗೆ ತಳಕ್ಕೆ ತಳ್ಳಿತು.

೪. ಕೊನೆಗೂ ಮೇಲೆ

ಕುಬಸಕ್ಕೆ ಮುಂಚೆ ಒಂದೇ ಒಂದು ಶುಕ್ರವಾರ ಉಳಿದಿತ್ತು. ನನ್ನ ತಾಳ್ಮೆ ಮುಗಿಯಿತು. ಫಂಕ್ಷನ್ನಿನ ತಲೆಯ ಮೇಲೆ ಒಂದು ನಿಯಮ ಕೂರಿಸಿದೆ: ಸಾಲಿನಲ್ಲಿ ಕುಬಸ ಎಂದಿದ್ದರೆ ಅದೇ ಮೊದಲು, ರಾಹು ಬರಲಿ ಕೇತು ಬರಲಿ. ಎಲ್ಲರೂ ತಮಗೆ ಬೇಕಾದಂತೆ ಬಗ್ಗಿಸುವಾಗ ನಾನೊಬ್ಬಳು ಯಾಕೆ ಸುಮ್ಮನಿರಬೇಕು?

ಹನ್ನೊಂದು ಗಂಟೆಗೆ ಮ್ಯಾನೇಜರ್ ಪಟ್ಟಿ ತೆರೆದರು. "ಏನ್ ಮೇಡಂ ಇದು, ಎಲ್ಲಕ್ಕಿಂತ ಮೇಲಿದೆ! ಇಷ್ಟ್ ದಿನ ಯಾರಿಗೂ ಕಾಣ್ಲಿಲ್ವಾ?"

"ತಳದಲ್ಲಿತ್ತು ಸರ್."

"ಛೆ ಛೆ, ಇದು ಆಗ್ಲೇಬೇಕು. ಆದ್ರೆ ಬುಧವಾರ ನೀವಿಲ್ದೆ ಆಗಲ್ಲ, ಪಟ್ಟಿ ಕೆಟ್ರೆ ಯಾರ್ ನೋಡ್ತಾರೆ?" ಎಂದು ಸೇಲ್ಸ್‌ನವನ ಕಡೆ ತಿರುಗಿದರು. "ನೀವ್ ಹೇಗೂ ಅವತ್ತು ಹುಬ್ಬಳ್ಳೀಲಿ ಇರ್ತೀರಲ್ಲ, ಗದಗ ಪಕ್ಕದಲ್ಲೇ. ಇದೊಂದ್ ಮುಗಿಸ್ಕೊಂಡ್ ಬಂದ್ಬಿಡಿ."

"ಸರ್, ಅದು ನನ್ ತಂಗಿ ಕುಬಸ!"

"ಓದಿದೆ ಮೇಡಂ. ಸೀರೆ ಒಯ್ಯೋದು ತಾನೇ? ಸೀರೆ ಹೋಗುತ್ತೆ ಬಿಡಿ."

ಬಾಯಿಗೆ ಬಂದಿದ್ದೆಲ್ಲ ಅಂದೆ. ಬುಧವಾರ ದೊಡ್ಡ ಗಿರಾಕಿಗೆ ಹೊಸ ಸಾಫ್ಟ್‌ವೇರ್ ಕೊಡುವುದಿದೆ, ಹೋಗುವುದಾದರೆ ಕೆಲಸ ಬಿಟ್ಟೇ ಹೋಗಿ ಎಂದರು ಮ್ಯಾನೇಜರ್. ಬಾತ್‌ರೂಮಿಗೆ ಹೋಗಿ ಅತ್ತೆ. ತಂಗಿಗೆ ಸೀರೆಯಾದರೂ ಮುಟ್ಟಲಿ ಎಂದು ಚೀಲವನ್ನು ಸೇಲ್ಸ್‌ನವನ ಕೈಗೆ ಕೊಟ್ಟೆ.

ಬುಧವಾರ ಮಧ್ಯಾಹ್ನ ತಂಗಿಯ ಫೋನು ಬಂತು.

"ಅಕ್ಕಾ, ಯಾರನ್ನ ಕಳಿಸೀಯವಾ ನೀ? ಸೀರಿ ನನ್ನ ಕೈಯಾಗ ಕೊಟ್ಟು, 'ಡೆಲಿವರಿ ಆಯ್ತಲ್ಲ ಮೇಡಂ, ಇಲ್ಲೊಂದ್ ಸೈನ್ ಹಾಕಿ' ಅಂದ. ಉಡಿ ತುಂಬೂ ಮುಂದ ತವರಿನವರು ಯಾರದೀರಿ ಬರ್ರಿ ಅಂದ್ರ, ಇಂವ ಕೈ ಎತ್ತಿ ಎದ್ದು ಬಂದ!"

ಸೇಲ್ಸ್‌ನವನಲ್ಲವೇ, ಬಿಡುತ್ತಾನೆಯೇ? ಮುತ್ತೈದೆಯರ ನಡುವೆ ಕೂತು ಹಾಡಿದನಂತೆ. ಪಂಕ್ತಿಯಲ್ಲಿ ತಾನೇ ಹೋಳಿಗೆ ಬಡಿಸಿದನಂತೆ. ಬೀಗರಿಗೆಲ್ಲ ಒಂದೊಂದು ವಿಸಿಟಿಂಗ್ ಕಾರ್ಡ್ ಕೊಟ್ಟನಂತೆ.

"ಏನಾದ್ರೂ ನೀ ಬರಬೇಕಾಗಿತ್ತಕ್ಕಾ," ಎಂದಳು ತಂಗಿ. ನಾನು ಮಾತು ತಿರುಗಿಸಿ, "ನಿಮ್ಮ ಅತ್ತಿ ಬ್ಯಾಸರ ಮಾಡಿಕೊಂಡ್ರೇನ?" ಎಂದು ಕೇಳಿದೆ.

"ಬ್ಯಾಸರ ಯಾಕ? ಹಿಗ್ಗಿ ಹೀರೀಕಾಯಿ ಆಗ್ಯಾರ. ತೊಟ್ಟಿಲಕ್ಕ ಹಾಕೂ ದಿನ ನಿಮ್ಮಕ್ಕ ಸುಮ್ಮನ ತ್ರಾಸ ತಗೋಳೂದು ಬ್ಯಾಡ, ಆ ಹುಡುಗನ್ನ ಕಳಿಸಿದ್ರ ಸಾಕು ಅಂತ ಹೇಳ್ಯಾರ."