ಉದ್ದ ಕರುಳಿನ ಸೊಸೆ

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಹೊಸೂರಿನ ಸುತ್ತ ಗಂಭೀರವಾದ ಸುದ್ದಿಯೊಂದು ಹಬ್ಬಿತು: ಮತ್ತಿಗಿರಿಯ ರೈತರೊಬ್ಬರ ದೊಡ್ಡ ಕರುಳಿಗಿಂತ ಅವರ ಹೆಂಡತಿಯದು ಉದ್ದವಾಗಿದೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದ ನನಗೆ ಇಂಥವು ಹೊಸವಲ್ಲ.

೧. ಮೊದಲ ಸರದಿ

ಹೊಟ್ಟೆ ಕಟ್ಟಿದೆಯೆಂದು ಹೆಂಡತಿಯನ್ನು ಕರೆತಂದಿದ್ದರು. ಕರುಳು ಕಾಣುವಂತೆ ಬಿಳಿ ಮದ್ದು ಒಳಗೆ ಬಿಟ್ಟು ಚಿತ್ರ ತೆಗೆಯಬೇಕೆಂದರು ಡಾಕ್ಟರು.

"ನಂಗೂ ಕಟ್ಕಂಡದೆ ಸ್ವಾಮಿ. ನಮ್ಮನೇಲಿ ಏನಿದ್ರೂ ಮೊದ್ಲು ಯಜಮಾನ್ರಿಗೆ" ಎಂದು ರೈತರು ಬಾಯಿ ತೆರೆದು ಕುಳಿತರು.

ಈ ಮದ್ದು ಬಾಯಿಂದ ಹೋಗುವುದಲ್ಲ, ಎನಿಮಾ ಎಂದೆ. ಅಷ್ಟರಲ್ಲಿ ಹೆಂಡತಿ ಗೌರವದಿಂದ ಹಿಂದೆ ಸರಿದು ನಿಂತಾಗಿತ್ತು.

೨. ಒಂದು ಮೊಳದ ತಕರಾರು

ಗಂಡನದು ಮೊದಲು, ಹೆಂಡತಿಯದು ಆಮೇಲೆ ತೆಗೆದು, ಎರಡು ಫಿಲ್ಮ್‌ಗಳನ್ನೂ ಕಿಟಕಿಗೆ ಹಿಡಿದೆವು. ಗಂಡನ ಕರುಳು ಬಾಗಿಲ ಚೌಕಟ್ಟಿನಂತೆ ನೆಟ್ಟಗಿತ್ತು. ಹೆಂಡತಿಯದು ಸಡಿಲ ಬಿಟ್ಟ ಬಟ್ಟೆ ಹಗ್ಗದಂತೆ ನಡುವೆ ಜೋತು, ಕಿಬ್ಬೊಟ್ಟೆಯವರೆಗೆ ಇಳಿದಿತ್ತು.

"ಹೆಂಗಸರಿಗೆ ಸಾಮಾನ್ಯವಾಗಿ ಹೀಗೇ. ಉದ್ದವೂ ತುಸು ಹೆಚ್ಚು. ಇದು ಕಾಯಿಲೆಯಲ್ಲ" ಎಂದರು ಡಾಕ್ಟರು.

"ಅದೆಂಗೆ? ಇವಳಿಗಿಂತ ಒಂದು ಮೊಳ ಎತ್ತರ ಇವ್ನಿ ನಾನು! ನಿಂತ್ಕತೀನಿ, ಇನ್ನೊಂದ್ಸಲ ತೆಗೀರಿ."

೩. ಅತ್ತೆಯ ಕರುಳು

ಮರುದಿನ ಆ ಚಿತ್ರಗಳನ್ನು ತಾವೇ ನೋಡಲು ರೈತರ ತಾಯಿ ಮಗನ ಜೊತೆ ಬಂದರು. ಹಿಂದೆ ಗಂಟು ಹಿಡಿದ ಸೊಸೆ.

"ಜೋಲು ಕರುಳಿನವಳ್ನ ನಮ್ಗೆ ಕಟ್ಟವ್ರೆ. ಗಾಡಿ ಕಟ್ಲಾ, ಅಂಚೆಟ್ಟೀಲಿರೋ ಅವಳ ತವರಿಗೆ ಬಿಟ್ಬುಟ್ಟು ಬಾ" ಎಂದರು ಮಗನಿಗೆ.

ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಮಗ ಎತ್ತಿನ ಹಗ್ಗ ಬಿಚ್ಚಲು ಎದ್ದ. ಆಗ ಸೊಸೆ ಬಾಯಿಬಿಟ್ಟಳು:

"ಓಗ್ತೀನಿ ಅತ್ತೆಮ್ಮ. ನಿಮ್ದೂ ಒಂದು ತೆಗೆಸ್ಬುಡಿ. ಒಳ್ಳೆ ಮನೆತನದ ಕರುಳು ಎಂಗಿರ್ತದೆ ಅಂತ ನೋಡ್ಕಂಡೇ ಓಗ್ತೀನಿ."

ಅತ್ತೆ ಸೆರಗು ಬಿಗಿದು ಮೇಜಿನ ಮೇಲೇರಿದರು. ಯುದ್ಧದಿಂದಾಗಿ ಫಿಲ್ಮ್‌ ಸಿಗುವುದೇ ಕಷ್ಟವಾಗಿದ್ದ ದಿನಗಳವು. ಡಾಕ್ಟರು ಕಣ್ಣು ಮುಚ್ಚಿ ಒಂದು ಕೊಡಿಸಿದರು. ಸಾಲಲಿಲ್ಲ. ಆ ಕರುಳು ಫಿಲ್ಮಿನ ಅಂಚು ದಾಟಿ ಕೆಳಗಿಳಿದಿತ್ತು. ಉಳಿದ ಭಾಗಕ್ಕೆ ಇನ್ನೊಂದು ಬೇಕಾಯಿತು.

ಅತ್ತೆ ಮೂವರ ಚಿತ್ರಗಳನ್ನೂ ಬಹಳ ಹೊತ್ತು ನೋಡಿದರು. ಸೊಸೆಯ ಕೈಯಿಂದ ಗಂಟು ಕಿತ್ತುಕೊಂಡು ಮಗನ ಕಡೆ ತಿರುಗಿದರು.

"ನೋಡ್ಲಾ, ಇವ್ಳು ನನ್ನಂಗೇ ಅವ್ಳೆ. ನಿಂದೇ ಕಣ್ಲಾ ಗಿಡ್ಡ! ಡಾಕ್ಟ್ರೇ, ಇವನ್ಗೆ ಏನಾದ್ರೂ ಮದ್ದು ಕೊಡಿ."

ಮೂವರಿಗೂ ಹರಳೆಣ್ಣೆ ಕೊಡಲಾಯಿತು. ಗಾಡಿ ಮತ್ತಿಗಿರಿಗೇ ಹೋಯಿತು.