ಅಣ್ಣನಿಗೆ ಬರೆದ ಪತ್ರವನ್ನು ಕಸಕ್ಕೆ ಹಾಕಿದ ಸ್ಪ್ಯಾಮ್ ಕಾವಲುಗಾರರಿಗೆ

ಮಾನ್ಯರೇ,

ಊಟ ನಿದ್ರೆಗಳ ಗೊಡವೆಯಿಲ್ಲದೆ ಲೋಕದ ಇನ್‌ಬಾಕ್ಸುಗಳ ಹೊಸ್ತಿಲಲ್ಲಿ ನಿಂತು, ಬಂದ ಇಮೇಲುಗಳಲ್ಲಿ ಯಾವುದು ಒಳಗೆ, ಯಾವುದು ಕಸಕ್ಕೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಕೊಡುವ ತಮ್ಮ ಸನ್ನಿಧಿಗೆ ಬೀಗ ರಿಪೇರಿಯವನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಇಷ್ಟು ವರ್ಷ ಅಣ್ಣನ ಅಂಗಡಿಯಲ್ಲೇ ಕೀಲಿಕೈ ಉಜ್ಜುತ್ತಿದ್ದ ನಾನು, ಮಾತಿಗೆ ಮಾತು ಬೆಳೆದು, ಎದುರು ಬೀದಿಯಲ್ಲಿ ಬೇರೆ ಅಂಗಡಿ ಹಿಡಿದೆ. ಸ್ವಂತ ಅಂಗಡಿ ಎಂದಮೇಲೆ ಸ್ವಂತ ಇಮೇಲ್ ವಿಳಾಸ ಬೇಡವೇ? ಪುಕ್ಕಟೆ ವಿಳಾಸದಲ್ಲಿ ಅಟ್ ಚಿಹ್ನೆಯ ಆಚೆ ಯಾರದೋ ಕಂಪನಿಯ ಹೆಸರು ಮೆರೆಯುತ್ತದೆ; ಡೊಮೈನ್ ಕೊಂಡರೆ ಅಲ್ಲಿ ನನ್ನಂಗಡಿಯದೇ ಹೆಸರು. ಕೊಂಡೆ. ಮೊದಲ ಪತ್ರ ಅಣ್ಣನಿಗೇ ಬರೆದೆ: ತಪ್ಪಾಯಿತು, ಭಾನುವಾರ ಅಂಗಡಿ ಶುರು, ಬೀಗ ನಿನ್ನ ಕೈಯಿಂದಲೇ ತೆಗೆಸಬೇಕು, ನೀನು ಬರದೆ ನಾನು ಬಾಗಿಲು ತೆರೆಯುವುದಿಲ್ಲ. ಎದುರು ನಿಂತು ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆದದ್ದು.

ಉತ್ತರವೇ ಇಲ್ಲ. ಅನುಮಾನ ಬಂದು ಪಕ್ಕದ ಕೋಣೆಯಲ್ಲಿದ್ದ ಹೆಂಡತಿಗೊಂದು ಪತ್ರ ಕಳಿಸಿ ನೋಡಿದೆ. "ರೀ, ನೀವು ಕಸದಲ್ಲಿ ಬಿದ್ದಿದ್ದೀರಿ! ಮೇಲೊಂದು ಲಾಟರಿ, ಕೆಳಗೊಂದು ಕೂದಲೆಣ್ಣೆ" ಎಂದು ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತು.

ಡೊಮೈನ್ ಮಾರಿದ ಕಂಪನಿಗೆ ಫೋನು ಮಾಡಿದರೆ ಅಲ್ಲಿನ ಹೆಣ್ಣುಮಗಳು, "ಸರ್, ನಿಮ್ಮ ಡೊಮೈನ್ ಹೊಸದು, ಅದಕ್ಕಿನ್ನೂ ಒಳ್ಳೆ ಹೆಸರು ಬಂದಿಲ್ಲ. ಅದರ ಹೆಸರಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಅಂತ ದಾಖಲೆಯಲ್ಲಿ ನೀವು ಬರೆದೂ ಇಲ್ಲ. ಯಾರು ನಂಬ್ತಾರೆ ಹೇಳಿ?" ಎಂದಳು. ತಮ್ಮ ಮೇಲೆ ನನಗೆ ಗೌರವ ಉಕ್ಕಿತು. ನಾನೂ ಅಷ್ಟೇ, ಬೀಗ ತೆಗೆಯಿರಿ ಎಂದವರನ್ನು ಇದು ನಿಮ್ಮದೇ ಮನೆಯೇ ಎಂದು ವಿಚಾರಿಸದೆ ಕೈ ಹಾಕುವವನಲ್ಲ. ಆದರೆ ಬಡಪಾಯಿ ನಾನು ಬಾಯಿಬಿಟ್ಟು ಕೇಳುತ್ತೇನೆ; ತಾವು ಕೇಳದೆಯೇ ಎತ್ತಿ ಎಸೆದಿರಿ.

ದಾಖಲೆಯನ್ನೇನೋ ಸರಿಪಡಿಸಿದ್ದೇನೆ. ಇನ್ನೊಮ್ಮೆ ಕಳಿಸಬಹುದಲ್ಲ ಎನ್ನುವಿರಿ. ತಪ್ಪಾಯಿತು ಎಂಬ ಮಾತು ನನ್ನಂಥವನ ಬಾಯಿಂದ ಒಮ್ಮೆ ಹೊರಟದ್ದೇ ದೊಡ್ಡದು ಸ್ವಾಮೀ. ಆದ್ದರಿಂದ ತಾವೇ ಆ ಪತ್ರವನ್ನು ಲಾಟರಿಯ ಅಡಿಯಿಂದ ಎಳೆದು, ಧೂಳು ಕೊಡವಿ, "ನಿನ್ನ ಸಿಟ್ಟೂ ಕಮ್ಮಿಯೇನಲ್ಲ" ಎಂದು ಬರೆದಿರುವ ಸಾಲನ್ನು ಒರೆಸಿ, ಭಾನುವಾರದೊಳಗೆ ಅಣ್ಣನ ಮನೆಗೆ ಖುದ್ದಾಗಿ ಒಯ್ದು, ಅವನು ಊಟ ಮುಗಿಸಿ ಒಳ್ಳೆಯ ಮನಸ್ಸಿನಲ್ಲಿರುವಾಗ ಕೆಮ್ಮಿ, ಕೈಗೆ ಕೊಡಬೇಕಾಗಿ ವಿನಂತಿ. ಅವನಿಲ್ಲದೆ ಅಂಗಡಿ ತೆರೆಯಲು ನನಗೆ ಮನಸ್ಸೇ ಇಲ್ಲ.

ತಾವು ಕಸವೆಂದರೂ ಬೇಸರಿಸದ,
ತಮ್ಮ ವಿಶ್ವಾಸಿ,
ಎದುರು ಬೀದಿಯ ಬೀಗದವನು

ತಾ.ಕ.: ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಈಗಷ್ಟೇ ಅಣ್ಣ ಬಂದು, "ಭಾನುವಾರ ಎಷ್ಟು ಗಂಟೆಗೋ?" ಎಂದ. ನನ್ನ ಕಣ್ಣು ತುಂಬಿಬಂತು. ಪತ್ರ ಹೇಗೆ ಸಿಕ್ಕಿತು ಎಂದು ಕೇಳಿದ್ದಕ್ಕೆ, "ನಾನು ಮೊದಲು ಓದೋದೇ ಆ ಕಸದ ಡಬ್ಬ ಕಣೋ. ಇನ್‌ಬಾಕ್ಸಲ್ಲಿ ಬರೀ ಬಿಲ್ಲು. ನನ್ನನ್ನ ಪ್ರೀತಿಯಿಂದ ಕರೆಯೋರೆಲ್ಲ ಅಲ್ಲೇ ಇರ್ತಾರೆ" ಎಂದ. ಆದಕಾರಣ ಮಾನ್ಯರೇ, ನಾನು ಅಣ್ಣನಿಗೆ ಬರೆಯುವ ಪತ್ರಗಳನ್ನು ಇನ್ನು ಮುಂದೆಯೂ ದಯವಿಟ್ಟು ಒಳಗೆ ಬಿಡಬೇಡಿ.